ಜೇನುಮರಿಗೆ ಹಿರಿಯರು ಹಾಕುವ ಹೆಪ್ಪು

ಹೊಂಗೆ ಹೂವಾಗುವ ಕಾಲಕ್ಕೆ ಇಂದಿರಾನಗರದ ಒಳರಸ್ತೆಗಳಲ್ಲಿ ಬೆಳಿಗ್ಗೆ ನಿಂತರೆ ಮರಕ್ಕೆ ಮರವೇ ಗುಂಯ್‌ಗುಡುತ್ತಿರುತ್ತದೆ. ಕೆ.ಆರ್. ಪುರದ ಕಡೆ ಎದ್ದಿರುವ ಬಹುಮಹಡಿ ಕಟ್ಟಡಗಳ ಛಜ್ಜಾಗಳಿಗೆ ಹೆಜ್ಜೇನು ಕಟ್ಟುತ್ತದೆ. ದಂಡುಪ್ರದೇಶದ ಹಳೆಯ ಬಂಗಲೆಗಳ ಗೋಡೆಯಲ್ಲಿ ಪೊಟರೆ ಸಿಕ್ಕರೆ, ಅಥವಾ ಬಳಕೆ ತಪ್ಪಿದ ಮೀಟರ್ ಪೆಟ್ಟಿಗೆ ಸಿಕ್ಕರೆ, ತುಡುವೆ ಅಲ್ಲೇ ಸಂಸಾರ ಹೂಡುತ್ತದೆ. ಪೊದೆಯ ಕಡ್ಡಿಗೆ ಕೋಲುಜೇನು, ಕಲ್ಲುಗೋಡೆಯ ಸಂದಿಗೆ ಮುಜಂಟಿ. ಪೇಟೆ ಎಷ್ಟೇ ಬೆಳೆದರೂ ನಮ್ಮ ಪೂರ್ವ ಬೆಂಗಳೂರನ್ನು ಇವು ಬಿಟ್ಟುಹೋಗಿಲ್ಲ. ಈ ಜೇನುಗಳ ತುಪ್ಪದ ಬಗ್ಗೆ, ಕುಟುಕಿನ ಬಗ್ಗೆ ಎಲ್ಲರಿಗೂ ಗೊತ್ತು. ಅವುಗಳ ಕರುಳಿನೊಳಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಬ್ಯಾಕ್ಟೀರಿಯಾಗಳ ಬಗ್ಗೆ ಗೊತ್ತಿರುವವರು ಕಡಿಮೆ. ಗೂಡನ್ನು ಹೇಗೆ ಎತ್ತಬೇಕು, ಹೇಗೆ ಎತ್ತಬಾರದು ಎಂಬ ಪ್ರಶ್ನೆಗೂ ಅದಕ್ಕೂ ನೇರ ಸಂಬಂಧವಿದೆ.

ತುಡುವೆಯ ಕೆಲಸಗಾರ ನೊಣ ಮೊಟ್ಟೆಯಾಗಿ 3 ದಿನ, ಹುಳುವಾಗಿ ಸುಮಾರು 5 ದಿನ, ಮೇಣದ ಮುಚ್ಚಳದ ಕೆಳಗೆ 11–12 ದಿನ ಕಳೆಯುತ್ತದೆ. ಹುಳುವಾಗಿರುವ ಆ 5 ದಿನ ಅದಕ್ಕೆ ತಿನ್ನುವುದೊಂದೇ ಕೆಲಸ. ಮೊದಲು ದಾದಿ ನೊಣಗಳು ತಲೆಯ ಗ್ರಂಥಿಗಳಿಂದ ಒಸರಿಸಿದ ರಸ, ಆಮೇಲೆ ಜೇನು ಬೆರೆಸಿದ ಪರಾಗ. ವಿಚಿತ್ರವೆಂದರೆ ಅಷ್ಟು ತಿಂದರೂ ಅದು ಮಲ ವಿಸರ್ಜಿಸುವುದಿಲ್ಲ. ಹುಳುವಿನ ನಡುಗರುಳಿಗೂ ಹಿಂಗರುಳಿಗೂ ದಾರಿ ಮುಚ್ಚಿರುತ್ತದೆ. ತಿನ್ನುವುದೆಲ್ಲ ಮುಗಿದ ಮೇಲೆ ಆ ದಾರಿ ತೆರೆದು, ಒಳಗಿದ್ದದ್ದು ಒಮ್ಮೆಗೇ ಹೊರಬಿದ್ದು, ಹುಳು ಕೋಶಾವಸ್ಥೆಗೆ ಹೋಗುತ್ತದೆ. ಅಲ್ಲಿ ಕರುಳಿನ ಒಳಪೊರೆಯೂ ಕಳಚಿ ಹೊಸದಾಗುತ್ತದೆ. ಹೀಗಾಗಿ ಮುಚ್ಚಳ ಕಡಿದು ಹೊರಬರುವ ಎಳೆಯ ನೊಣದ ಕರುಳು ಹೆಚ್ಚುಕಡಿಮೆ ಖಾಲಿ. ಕಾಯಿಸಿ ಆರಿಸಿಟ್ಟ ಹಾಲಿನಂತೆ ಅದು ಹೆಪ್ಪಿಗೆ ಕಾದಿರುತ್ತದೆ.

ಹೆಪ್ಪು ಹಾಕುವವರು ಗೂಡಿನ ಹಿರಿಯರು. ಬಾಯಿಂದ ಬಾಯಿಗೆ ಮಕರಂದ ದಾಟಿಸುವಾಗಲೇ ಎಲ್ಲವೂ ಬಂದುಬಿಡುತ್ತದೆ ಎಂದು ಮೊದಲು ಊಹಿಸಿದ್ದರು. ಎಳೆಯ ನೊಣಗಳನ್ನು ಕೋಶದೊಳಗಿಂದಲೇ ಶುದ್ಧ ಚಿಮುಟದಲ್ಲಿ ಎತ್ತಿ, ಬೇರೆಬೇರೆ ರೀತಿಯಲ್ಲಿ ಸಾಕಿ ನೋಡಿದಾಗ ಅದೊಂದೇ ಸಾಲದು ಎಂದು ತಿಳಿಯಿತು. ಕೆಲವು ಬ್ಯಾಕ್ಟೀರಿಯಾಗಳು ಎರಿಯ ಮೈಯಿಂದ, ಕೂಡಿಟ್ಟ ಪರಾಗದಿಂದ ಬರುತ್ತವೆ. ಇನ್ನು ಕೆಲವಕ್ಕೆ ದಾದಿ ನೊಣಗಳ ಒಡನಾಟವೇ ಬೇಕು, ಅವುಗಳ ಮಲದ ಕಣವೇ ಬೇಕು. ಹೊರಬಂದ 4ರಿಂದ 6 ದಿನಗಳಲ್ಲಿ, ಇನ್ನೂ ಗೂಡಿನ ಬಾಗಿಲು ದಾಟುವ ಮೊದಲೇ, ಕರುಳು ತುಂಬುತ್ತದೆ. ಬಲಿತ ಒಂದು ನೊಣದಲ್ಲಿ ಸುಮಾರು 100 ಕೋಟಿ ಜೀವಾಣುಗಳು. ಅಷ್ಟಿದ್ದರೂ ಅವು ಬೆರಳೆಣಿಕೆಯ ಕುಲಗಳಿಗೆ ಸೇರಿದವು. ಜಗತ್ತಿನ ಯಾವ ಮೂಲೆಯ ಜೇನನ್ನು ನೋಡಿದರೂ ಮತ್ತೆ ಮತ್ತೆ ಸಿಗುವುದು ಅವೇ.

ಅವುಗಳ ಹೆಸರುಗಳಲ್ಲಿ ಜೇನುಶಾಸ್ತ್ರದ ಚರಿತ್ರೆಯೇ ಇದೆ. ಕೀಟಗಳ ಅಂಗರಚನೆ ಬರೆದ ಸ್ನಾಡ್‌ಗ್ರಾಸ್ ನೆನಪಿಗೆ ಸ್ನಾಡ್‌ಗ್ರಾಸೆಲ್ಲಾ, ಜೇನಿನ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಬದುಕು ಕೊಟ್ಟ ಮಾರ್ಥಾ ಗಿಲಿಯಂ ಹೆಸರಿನಲ್ಲಿ ಗಿಲಿಯಮೆಲ್ಲಾ, ಜೇನಿನ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ವಾನ್ ಫ್ರಿಶ್ ಹೆಸರಿನಲ್ಲಿ ಫ್ರಿಶೆಲ್ಲಾ. ಇವುಗಳ ಜೊತೆಗೆ ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಬಳಗ. ಕರುಳಿನ ಗೋಡೆಗೆ ಅಂಟಿಕೊಂಡು ಕೂರುವುದು ಸ್ನಾಡ್‌ಗ್ರಾಸೆಲ್ಲಾ. ಅದಕ್ಕೆ ಸಕ್ಕರೆ ಅರಗುವುದಿಲ್ಲ. ಅದರ ಮೇಲೆ ಪದರವಾಗಿ ಬೆಳೆಯುವ ಗಿಲಿಯಮೆಲ್ಲಾ ಸಕ್ಕರೆ ಅರಗಿಸಿ ಹೊರಬಿಟ್ಟ ಆಮ್ಲಗಳೇ ಅದರ ಊಟ. ಗೋಡೆಯ ಬಳಿಯ ಆಮ್ಲಜನಕವನ್ನು ಸ್ನಾಡ್‌ಗ್ರಾಸೆಲ್ಲಾ ಬಳಸಿ ಮುಗಿಸುವುದರಿಂದ, ಗಾಳಿ ಒಗ್ಗದ ಉಳಿದವು ಒಳಗೆ ನೆಮ್ಮದಿಯಾಗಿರುತ್ತವೆ. ಪರಾಗದ ಕವಚದ ಪೆಕ್ಟಿನ್ ಒಡೆಯುವುದೂ, ಜೇನಿಗೆ ವಿಷವಾಗುವ ಮ್ಯಾನೋಸ್‌ನಂಥ ಸಕ್ಕರೆಗಳನ್ನು ಕರಗಿಸುವುದೂ ಗಿಲಿಯಮೆಲ್ಲಾ. ಈ ಬಳಗವಿಲ್ಲದೆ ಪ್ರಯೋಗಾಲಯದಲ್ಲಿ ಬೆಳೆಸಿದ ನೊಣಗಳು ತೂಕದಲ್ಲಿ ಹಿಂದೆ ಬೀಳುತ್ತವೆ ಎಂಬುದು 2017ರಲ್ಲಿ ಪ್ರಕಟವಾದ ಫಲಿತಾಂಶ.

ಹಾಗಾದರೆ ಹುಳುವಿನ ಹಂತದಲ್ಲಿ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲವೆ? ಇದೆ, ಆದರೆ ಬೇರೆ ಜಾತಿಯದು. ದಾದಿಯರ ರಸ ತೀರ ಹುಳಿ, ಅದರಲ್ಲಿ ಹೆಚ್ಚಿನವು ಬದುಕುವುದಿಲ್ಲ. ಬದುಕುವವುಗಳಲ್ಲಿ ಬಾಂಬೆಲ್ಲಾ ಎಂಬುದು ಮುಖ್ಯ. ಹುಳುವನ್ನು ಕೊಲ್ಲುವ ಆಸ್ಪರ್ಜಿಲಸ್ ಬೂಷ್ಟನ್ನು ಅದು ತಡೆಯುತ್ತದೆ ಎಂದು 2021ರಲ್ಲಿ ತೋರಿಸಿದರು. ಆಹಾರ ಸಪ್ಪೆಯಾದಾಗಲೂ ಹುಳು ಸೊರಗದಂತೆ ಅಮೈನೋ ಆಮ್ಲ ಒದಗಿಸುತ್ತದೆ ಎಂಬುದು 2022ರ ಅಧ್ಯಯನ. ರಾಣಿಯ ಕರುಳಿನಲ್ಲೂ ಬಾಂಬೆಲ್ಲಾ ಹೇರಳ. ಕೆಲಸಗಾರ ನೊಣಗಳ ಬಳಗಕ್ಕೂ ರಾಣಿಯ ಬಳಗಕ್ಕೂ ಹೋಲಿಕೆ ಕಡಿಮೆ. ಆದ್ದರಿಂದ ಕೆಲಸಗಾರರ ಕರುಳಿನ ಆಸ್ತಿ ತಾಯಿಯಿಂದ ಬರುವುದಲ್ಲ, ಅಕ್ಕಂದಿರಿಂದ ಬರುವುದು. ಈ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸುವ ಸಂಗತಿ ಇದೇ.

ಇದರಲ್ಲಿ ಬಹುಪಾಲು ತಿಳಿದದ್ದು ಯುರೋಪಿನ ಮೆಲ್ಲಿಫೆರಾ ಜೇನಿನ ಮೇಲೆ ನಡೆದ ಕೆಲಸದಿಂದ. ಆದರೆ ಮುಖ್ಯ ಕುಲಗಳು ನಮ್ಮ ತುಡುವೆ, ಹೆಜ್ಜೇನು, ಕೋಲುಜೇನುಗಳಲ್ಲೂ ಇವೆ. ಮುಜಂಟಿ, ದುಂಬಿ, ಜೇನುಗಳ ಸಮಾನ ಪೂರ್ವಜರ ಕಾಲದಿಂದ, ಅಂದರೆ ಸುಮಾರು 8 ಕೋಟಿ ವರ್ಷಗಳಿಂದ, ಇವು ಜೊತೆಗೆ ಬಂದಿವೆ ಎಂಬ ಲೆಕ್ಕವಿದೆ. ಕರ್ನಾಟಕದಲ್ಲೂ ಕೆಲಸ ನಡೆದಿದೆ. ಕೊಡಗಿನ ಚಿಕ್ಕ ಅಳುವಾರದ ಜ್ಞಾನ ಕಾವೇರಿ ವಿಶ್ವವಿದ್ಯಾಲಯ ಆವರಣದ ಜೀವರಸಾಯನ ವಿಭಾಗದವರು ಕೋಲುಜೇನಿನ ಕರುಳ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಬೆಂಗಳೂರಿನಲ್ಲಿ ಜೇನು ವಿಜ್ಞಾನದ ತವರು ಹೆಬ್ಬಾಳದ ಆಚೆಯ ಜಿಕೆವಿಕೆ. 1964ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯದ ಜೇನುಕೃಷಿ ವಿಭಾಗ ಅಲ್ಲಿದೆ. ಜೇನಿನ ಕುಣಿತ, ನಡವಳಿಕೆ ಅಧ್ಯಯನ ಮಾಡಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಅದೇ ಆವರಣದಲ್ಲಿದೆ. ಕೆ.ಆರ್. ಪುರದಿಂದ ಹೊರವರ್ತುಲ ರಸ್ತೆ ಹಿಡಿದರೆ ದೂರವೇನಲ್ಲ.

ಮರಿಗಳಿಗೆ ಬಂದ ರೋಗ ಏನು ಮಾಡಬಲ್ಲದೆಂದು ನಮ್ಮ ಜೇನುಗಾರರು 1991–92ರಲ್ಲಿ ಕಂಡರು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ದಕ್ಷಿಣ ಕನ್ನಡ, ಕೊಡಗಿನ ತುಡುವೆ ಪೆಟ್ಟಿಗೆಗಳನ್ನು ಬರಿದು ಮಾಡಿತು. ಹುಳುಗಳು ಕೋಶದೊಳಗೆ ತಲೆಯೆತ್ತಿ, ನೀರು ತುಂಬಿದ ಚೀಲಗಳಾಗಿ ಸತ್ತವು. ಅದು ವೈರಾಣು, ಅದಕ್ಕೆ ಪ್ರತಿಜೀವಕ ಔಷಧಿ ನಾಟುವುದಿಲ್ಲ. ಆದರೂ ಮರಿ ಸತ್ತ ಕೂಡಲೇ ಪಾನಕದಲ್ಲಿ ಟೆಟ್ರಾಸೈಕ್ಲಿನ್ ಕದಡಿ ಕೊಡುವ ಅವಸರ ಯಾರಿಗಾದರೂ ಬಂದೀತು. ಟೆಟ್ರಾಸೈಕ್ಲಿನ್ ಕುಡಿದ ನೊಣಗಳ ಕರುಳ ಬಳಗ ಕುಸಿದು, ಗೂಡಿಗೆ ಮರಳಿದ ಮೇಲೆ ಅವು ಹೆಚ್ಚು ಸತ್ತವೆಂದು 2017ರಲ್ಲೇ ಗೊತ್ತಾಗಿದೆ. ಖಾಲಿ ನಿವೇಶನಗಳ ಕಳೆಗೆ ಹೊಡೆಯುವ ಗ್ಲೈಫೊಸೇಟ್ ಕೂಡ ಆ ಬಳಗವನ್ನು ಕೆಡಿಸುತ್ತದೆ ಎಂದು 2018ರ ಅಧ್ಯಯನ ಹೇಳಿತು. ಜೇನಿಗೆ ನೇರವಾಗಿ ವಿಷವಲ್ಲ ಎಂಬ ಕಾರಣಕ್ಕೆ ಯಾವುದನ್ನೂ ನಿರಪಾಯವೆಂದು ಸಾರುವಂತಿಲ್ಲ.

ಬಲ್ಲ ಜೇನುಗಾರ ಗೋಡೆಯ ತುಡುವೆಯನ್ನು ಪೆಟ್ಟಿಗೆಗೆ ಕೂರಿಸುವ ಕೈಚಳಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸಂಜೆ ಹೊತ್ತು, ತುಸುವೇ ಹೊಗೆ. ಎರಿಗಳನ್ನು ಒಂದೊಂದಾಗಿ ಕೊಯ್ದು, ಮೇಲಿನ ಜೇನು ತುಂಬಿದ ಭಾಗ ಬೇರೆ ಮಾಡಿ, ಮರಿಯಿರುವ ಭಾಗವನ್ನು ಚೌಕಟ್ಟಿನೊಳಗೆ ಇಡುತ್ತಾನೆ. ಗೋಡೆಯಲ್ಲಿ ಮೇಲಿದ್ದ ಅಂಚು ಚೌಕಟ್ಟಿನಲ್ಲೂ ಮೇಲೇ ಬರಬೇಕು, ತಲೆಕೆಳಗಾದರೆ ಕೋಶಗಳ ಓರೆ ತಪ್ಪುತ್ತದೆ. ಒದ್ದೆ ಬಾಳೆನಾರಿನಿಂದ ಎರಡು ಸುತ್ತು ಕಟ್ಟಿ ಸಂಸಾರದ ಕೋಣೆಗೆ ಇಳಿಸುತ್ತಾನೆ. ಮರಿಗಳ ಮೇಲೆ ಕೂತ ದಾದಿಯರನ್ನು ಕೊಡವುವುದಿಲ್ಲ. ರಾಣಿ ಒಳಸೇರಿದರೆ ಉಳಿದವು ತಾವಾಗಿ ಬರುತ್ತವೆ. ಕೆಲವೇ ದಿನಗಳಲ್ಲಿ ನೊಣಗಳು ಎರಿಯನ್ನು ಮೇಣದಿಂದ ಕಟ್ಟಿಗೆ ಬೆಸೆದು, ಬೇಡವಾದ ನಾರನ್ನು ಕಡಿದು ಬಾಗಿಲಾಚೆ ಎಸೆಯುತ್ತವೆ. ಕರುಳಿನ ಬ್ಯಾಕ್ಟೀರಿಯಾದ ಮಾತು ಯಾರೂ ಆಡದಿದ್ದ ಕಾಲದಿಂದಲೂ ಈ ಪದ್ಧತಿ ಮರಿ, ದಾದಿ, ಹಳೆಯ ಎರಿ ಮೂರನ್ನೂ ಒಟ್ಟಿಗೆ ಉಳಿಸಿಕೊಂಡು ಬಂದಿದೆ. ನಾಳೆ ಮುಚ್ಚಳ ಕಡಿದು ಬರುವ ನೊಣಕ್ಕೆ ಬೇಕಾದದ್ದೆಲ್ಲ ಆ ಮೂರರಲ್ಲಿದೆ.

ರಾಸಾಯನಿಕ ಸಿಂಪಡಿಸಿ ಗೂಡು ತೆಗೆಯುವವರು ಫೋನ್ ಮಾಡಿದ ತಾಸಿನಲ್ಲೇ ಬರುತ್ತಾರೆ. ಮನೆಯ ಗೋಡೆಯಲ್ಲಿ ತುಡುವೆ ಕಂಡಾಗ ಅವರಿಗೆ ಮೊದಲು ಹೇಳಬೇಡಿ. ಎರಿಯನ್ನು ಮರಿಸಮೇತ ಪೆಟ್ಟಿಗೆಗೆ ಕೂರಿಸಬಲ್ಲ ಜೇನುಗಾರರನ್ನು ಹುಡುಕಿ, ಜಿಕೆವಿಕೆಯ ಜೇನುಕೃಷಿ ವಿಭಾಗವನ್ನು ವಿಚಾರಿಸಿ. ಹೆಜ್ಜೇನು ಪೆಟ್ಟಿಗೆಗೆ ಒಗ್ಗುವ ಜಾತಿಯಲ್ಲ. ಅದು ವಲಸೆಯ ಜೇನು, ಕಾಲ ಬಂದಾಗ ತಾನೇ ಎದ್ದುಹೋಗುತ್ತದೆ. ಅಲ್ಲಿಯವರೆಗೆ ಅದು ಕಟ್ಟಿದ ಬಾಲ್ಕನಿಯ ದೀಪವನ್ನು ರಾತ್ರಿ ಆರಿಸಿ, ಮಕ್ಕಳು ಕಲ್ಲೆಸೆಯದಂತೆ ನೋಡಿಕೊಂಡು, ಅದಕ್ಕೆ ಬೆಂಕಿ ಇಡದೆ ಬಿಟ್ಟುಬಿಡಿ.