ನಮ್ಮ ಪಕ್ಕದ ಟಿಬೆಟ್: ಒಡೆಯರಪಾಳ್ಯ

ಬೌದ್ಧ ಮಠ, ಗಾಳಿಗೆ ಹಾರಾಡುವ ಬಣ್ಣದ ಬಾವುಟ, ಗದ್ದಲವಿಲ್ಲದ ಬೆಟ್ಟದೂರು ಎಂದರೆ ನಮಗೆಲ್ಲ ನೆನಪಾಗುವುದು ಹಿಮಾಲಯದ ಧರ್ಮಶಾಲಾ. ಅಷ್ಟು ದೂರದ ಪ್ರವಾಸಕ್ಕೆ ನಮ್ಮಲ್ಲಿ ಹಣವಿಲ್ಲ. ಆದರೆ ಕೊಳ್ಳೇಗಾಲದಿಂದ ಹನೂರು, ಲೊಕ್ಕನಹಳ್ಳಿ ದಾಟಿ ಹೋದರೆ ಕಾಡಿನಂಚಿನಲ್ಲಿ ಒಡೆಯರಪಾಳ್ಯ ಸಿಗುತ್ತದೆ. ಅಲ್ಲಿರುವುದು ಧೊಂಡೆನ್‌ಲಿಂಗ್ ಟಿಬೆಟನ್ ಶಿಬಿರ. ಮುಸುಕಿನ ಜೋಳ ತರಲು ಅಬ್ಬಾ ಟೆಂಪೋದಲ್ಲಿ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ.

1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಆಗ ಅವರಿಗೆ ಜಮೀನು ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ನಮ್ಮದು ಮುಖ್ಯವಾದುದು. ಮೊದಲು ಬೈಲಕುಪ್ಪೆಯಲ್ಲಿ ಶಿಬಿರ ಆರಂಭವಾಯಿತು. ನಂತರ ಮುಂಡಗೋಡ, ಹುಣಸೂರು, 1970ರ ದಶಕದಲ್ಲಿ ಒಡೆಯರಪಾಳ್ಯ. ಇಲ್ಲಿನ ಹಳ್ಳಿಗಳಿಗೆ ಎ, ಬಿ, ಸಿ ಎಂದು ಅಕ್ಷರಗಳೇ ಹೆಸರು. ಇಲ್ಲಿನ ಜೋಗ್‌ಚೆನ್ ಮಠವನ್ನು 1992ರಲ್ಲಿ ದಲೈ ಲಾಮಾ ಅವರೇ ಉದ್ಘಾಟಿಸಿದರು. ಇದರ ಮೂಲ ಮಠ ಟಿಬೆಟ್‌ನ ಖಾಮ್ ಪ್ರಾಂತ್ಯದಲ್ಲಿದೆ.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಕುತೂಹಲ ಹುಟ್ಟಿಸಿದ್ದು ಅವರ ಜೀವನದ ಲೆಕ್ಕ. ಜಮೀನು ಸರ್ಕಾರ ಕೊಟ್ಟ ಗುತ್ತಿಗೆಯದು. ಒಬ್ಬೊಬ್ಬರ ಹೆಸರಿಗೆ ಪಟ್ಟಾ ಇಲ್ಲ, ಆದ್ದರಿಂದ ಅಡವಿಟ್ಟು ಸಾಲ ತೆಗೆಯುವಂತಿಲ್ಲ. ಮಳೆ ನಂಬಿ ಮುಸುಕಿನ ಜೋಳ ಬೆಳೆಯುತ್ತಾರೆ. ಆನೆ, ಹಂದಿ ಬಂದರೆ ಅದರಲ್ಲೂ ಪಾಲು ಹೋಗುತ್ತದೆ. ಕೊಯ್ಲು ಮುಗಿದ ಮೇಲೆ ಅನೇಕ ಮನೆಯವರು ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಸ್ವೆಟರ್ ತಂದು ಬೇರೆ ಬೇರೆ ನಗರಗಳ ಬೀದಿಗಳಲ್ಲಿ ಮಾರುತ್ತಾರೆ. ಮಾಲು ಬಹುಪಾಲು ಉದ್ರಿ. ಚಳಿ ಕಡಿಮೆಯಾದ ವರ್ಷ ಮಾಲು ಉಳಿಯುತ್ತದೆ, ಸಾಲವೂ ಉಳಿಯುತ್ತದೆ. ನಾವು ಪುಸ್ತಕದಲ್ಲಿ ಓದುವ ಹಂಗಾಮಿನ ವ್ಯಾಪಾರದ ಅಪಾಯ ಎಂದರೆ ಇದೇ.

ಅಂಗಡಿಯಲ್ಲಿ ನನ್ನ ವಯಸ್ಸಿನ ಹುಡುಗಿಯೊಬ್ಬಳು ಟೀ ಕೊಟ್ಟಳು. ಅವಳ ಕನ್ನಡ ನಮ್ಮ ಹನೂರು ಕಡೆಯದೇ. "ನಿಮ್ಮೂರು ಯಾವುದು?" ಎಂದೆ. "ಒಡೆಯರಪಾಳ್ಯ" ಎಂದಳು. ನಾನು ಸುಮ್ಮನಿರದೆ, "ಅದಲ್ಲ, ನಿಜವಾದ ಊರು?" ಎಂದೆ. "ಇದೇ ನಿಜವಾದ ಊರು" ಎಂದಳು. ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಅಮ್ಮಿಯ ಜೊತೆ ಉರ್ದು ಮಾತಾಡುವಾಗ ನನಗೂ ಇದೇ ಪ್ರಶ್ನೆ ಬಂದಿದೆ. ಕೊಳ್ಳೇಗಾಲ ಎಂದರೆ ಕೇಳಿದವರಿಗೆ ಸಾಲುವುದಿಲ್ಲ. ಅದು ಎಷ್ಟು ಚುಚ್ಚುತ್ತದೆಂದು ಗೊತ್ತಿದ್ದೂ ನಾನು ಅದನ್ನೇ ಕೇಳಿದ್ದೆ.

ಕಾನೂನಿನಲ್ಲಿ ಈ ಪ್ರಶ್ನೆಗೆ ಉತ್ತರ ಹೀಗಿದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿವೆ. ಅನಂತರ ಹುಟ್ಟಿದವರಿಗೆ ತಂದೆ ತಾಯಿಯ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ. ಇಂದಿಗೂ ಅನೇಕರು ನೋಂದಣಿ ಪತ್ರ ಹಿಡಿದು, ಅದನ್ನು ನವೀಕರಿಸುತ್ತಾ ಬದುಕುತ್ತಿದ್ದಾರೆ.

ಇನ್ನೊಂದು ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಟಿಬೆಟ್‌ನಲ್ಲಿ ಮುಸ್ಲಿಮರೂ ಇದ್ದರು. ಕಾಶ್ಮೀರದಿಂದ ಲಾಸಾಕ್ಕೆ ವ್ಯಾಪಾರಕ್ಕೆ ಹೋಗಿ ನೆಲೆಸಿದವರ ವಂಶದವರು ಅವರಲ್ಲಿ ಸೇರಿದ್ದಾರೆ. 1959ರ ನಂತರ ಅವರಲ್ಲೂ ಹಲವರು ಭಾರತಕ್ಕೆ ಬಂದು ಶ್ರೀನಗರದಲ್ಲಿ ನೆಲೆಸಿದರು.

ಹೋಗುವವರು ಗಮನಿಸಿ: ಭಾರತೀಯರಿಗೆ ವಿಶೇಷ ಪರವಾನಗಿ ಬೇಡ, ವಿದೇಶಿಯರು ಉಳಿಯಲು ಬೇಕು. ಮಠದಲ್ಲಿ ಪಾದರಕ್ಷೆ ಹೊರಗೆ ಬಿಡಿ, ಪ್ರದಕ್ಷಿಣೆ ಎಡದಿಂದ ಬಲಕ್ಕೆ, ಕೇಳದೆ ಫೋಟೋ ಬೇಡ. ಬಾವುಟದ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಎಂದರೆ ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ಮೊಮೊ ತಿನ್ನುವಾಗ ಹಲಾಲ್ ಬಗ್ಗೆ ಅನುಮಾನವಿದ್ದರೆ ತರಕಾರಿಯದು ಕೇಳಿ, ಯಾರೂ ಬೇಸರಪಡುವುದಿಲ್ಲ. ಸಂಜೆ ಬೇಗ ಹಿಂತಿರುಗಿ, ದಾರಿಯಲ್ಲಿ ಆನೆಗಳಿವೆ.

ಊರು ಯಾವುದೆಂದು ಕೇಳಿದರೆ, ಮೊದಲ ಉತ್ತರವನ್ನೇ ನಂಬಿ.