ಹಂದಿಗೋಡು ರೋಗವೂ ಬಡವರ ಬಾಳೂ

ಮಲೆನಾಡೆಂದೊಡನೆ ಪಟ್ಟಣವಾಸಿಗಳ ಮನಸ್ಸಿಗೆ ಜೋಗದ ಜಲಪಾತವೂ ಆಗುಂಬೆಯ ಸೂರ್ಯಾಸ್ತವೂ ಅಡಕೆಯ ತೋಟಗಳೂ ಬರುವುದು ಸಹಜ. ಅದೇ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೂಲಿಗಾರರ ಕೇರಿಗಳಲ್ಲಿ ತಲೆಮಾರುಗಳಿಂದ ಒಂದು ವ್ಯಾಧಿಯು ಬೀಡುಬಿಟ್ಟಿರುವುದನ್ನು ಬಲ್ಲವರು ವಿರಳ. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ವೈದ್ಯರ ಗಮನಕ್ಕೆ ಬಂದುದರಿಂದ ಅದಕ್ಕೆ ಹಂದಿಗೋಡು ರೋಗವೆಂಬ ಹೆಸರಾಯಿತು.

ಇದು ಕೀಲುಗಳ ರೋಗ. ಎಳೆವಯಸ್ಸಿನಲ್ಲಿಯೋ ತಾರುಣ್ಯದಲ್ಲಿಯೋ ಸೊಂಟದಲ್ಲಿ, ಮೊಣಕಾಲಿನಲ್ಲಿ ನೋವಾಗಿ ಮೊದಲಾಗುವುದು. ವರ್ಷಗಳು ಕಳೆದಂತೆ ಕೀಲು ಸವೆದು, ನಡಿಗೆ ಓಲಾಡಿ, ಕಡೆಗೆ ಕೆಲವರಿಗೆ ಕೋಲೂರಿ ನಡೆಯುವ, ನೆಲದ ಮೇಲೆ ತೆವಳುವ ಸ್ಥಿತಿ ಒದಗುವುದು. ಕೆಲವರು ಬೆಳವಣಿಗೆ ಕುಂಠಿತವಾಗಿ ಕುಳ್ಳರಾಗಿಯೇ ಉಳಿಯುವರು. ಇದು ಅಂಟುವ ರೋಗವಲ್ಲ. ಪ್ರಾಣವನ್ನೂ ತಟ್ಟನೆ ಕೊಳ್ಳದು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕಾಣಿಸಿಕೊಂಡ ಕ್ಯಾಸನೂರು ಕಾಡಿನ ಕಾಯಿಲೆ ತಲೆಯೆತ್ತಿದಾಗಲೆಲ್ಲ ಅಧಿಕಾರಿಗಳು ಧಾವಿಸಿ ಬರುವರು. ದಿನಕ್ಕಿಷ್ಟಿಷ್ಟಾಗಿ ಮನುಷ್ಯನನ್ನು ಕುಗ್ಗಿಸುವ ರೋಗಕ್ಕೆ ಅಂತಹ ಧಾವಂತ ದೊರೆಯುವುದಿಲ್ಲ.

ಕಾರಣವನ್ನು ಹುಡುಕಲಿಲ್ಲವೆಂದು ಯಾರೂ ಹೇಳಲಾರರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಮೊದಲು ಬಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು ತರುವಾಯ ವಿಸ್ತಾರವಾಗಿ ಪರೀಕ್ಷಿಸಿದರು. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿ, ಮೀನುಗಳನ್ನು ತಿಂದುದೇ ಕಾರಣವೆಂಬ ಶಂಕೆ ಆರಂಭದಲ್ಲಿ ಹಬ್ಬಿತ್ತು. ಮುಂದೆ ವಂಶಾವಳಿಗಳನ್ನು ಶೋಧಿಸಲಾಗಿ, ರೋಗವು ಆನುವಂಶಿಕವೆಂದೂ ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವವು ಅರ್ಧಾಂಶವೆಂದೂ ತಿಳಿದುಬಂದಿತು. ಪೀಡಿತರಲ್ಲಿ ಬಹುಮಂದಿ ಚಲವಾದಿ ಮೊದಲಾದ ದಲಿತ ಸಮುದಾಯಗಳ ಭೂಹೀನ ಕೂಲಿಗಳು. ಮೊದಲನೆಯ ಊಹೆಯಿಂದ ಬಡವನಿಗೆ ಬೆಲೆಯಿಲ್ಲದೆ ದೊರೆಯುತ್ತಿದ್ದ ಆಹಾರವು ವಿಷವೆನಿಸಿತು. ಎರಡನೆಯ ತಿಳಿವಿನಿಂದ ಅವನ ಮನೆಯ ಮದುವೆಗೆ ಅಡ್ಡಿ ಹುಟ್ಟಿತು. ನೋವು ಮಾತ್ರ ಇದ್ದಲ್ಲಿಯೇ ಇದೆ.

ಕೈ ಕೆಸರಾದರೆ ಬಾಯಿ ಮೊಸರೆಂಬುದು ನಮ್ಮ ಹಿರಿಯರ ಮಾತು. ಕೆಸರಿಗೆ ಇಳಿಯಲಾರದವನ ಗತಿಯೇನು? ನಾಟಿಯೆಂದರೆ ದಿನವೆಲ್ಲ ಬಗ್ಗಿ ನಿಲ್ಲಬೇಕು. ಸೊಪ್ಪು ತರುವುದೆಂದರೆ ಹೊರೆ ಹೊತ್ತು ಗುಡ್ಡ ಇಳಿಯಬೇಕು. ಕೂಲಿಯವನಿಗೆ ಕೀಲುಗಳೇ ಬಂಡವಾಳ. ಅವು ಕೆಟ್ಟ ದಿನವೇ ಅವನ ಸಂಪಾದನೆ ಅರ್ಧಕ್ಕಿಳಿಯುವುದು, ಖರ್ಚು ಇಮ್ಮಡಿಯಾಗುವುದು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರು. ಒಂಟಿಯಾಗಿ ಬಸ್ಸು ಹತ್ತಲಾರದ ರೋಗಿಯೊಡನೆ ಮನೆಯ ಮತ್ತೊಬ್ಬರು ಹೊರಟರೆ ಇಬ್ಬರ ದಿನಗೂಲಿಯೂ ಹೋಗುವುದು. ಆದುದರಿಂದ ಔಷಧ ಉಚಿತವಾದರೂ ಆಸ್ಪತ್ರೆ ಉಚಿತವಲ್ಲ. ಹೋಗಲಾರದವನು ನೋವಿನ ಮಾತ್ರೆಯನ್ನು ತಾನೇ ಕೊಂಡು ನುಂಗುತ್ತ ಹೋಗುವನು. ಬಹುಕಾಲದ ಆ ರೂಢಿಯಿಂದ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡುಂಟು.

ಕಾನೂನಿನ ಆಸರೆ ಇಲ್ಲದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಚಲನಾಂಗಗಳ ಊನತೆಯನ್ನೂ ಕುಬ್ಜತೆಯನ್ನೂ ಒಪ್ಪಿಕೊಂಡಿದೆ. ಆದರೆ ಮುಖ್ಯ ಸವಲತ್ತುಗಳಿಗೆ ಊನತೆಯು ಶೇಕಡ 40ಕ್ಕೆ ಕಡಮೆಯಿಲ್ಲವೆಂದು ವೈದ್ಯರು ಬರೆದುಕೊಡಬೇಕು. ಹಂದಿಗೋಡು ರೋಗವಾದರೋ ನಿಂತಲ್ಲಿ ನಿಲ್ಲುವುದಲ್ಲ. ಈ ವರ್ಷ 30 ಎಂದು ಬರೆಸಿಕೊಂಡವನು ಐದು ವರ್ಷಗಳಲ್ಲಿ ಏಳಲಾರದವನಾಗಬಹುದು. ಮತ್ತೆ ಬರೆಸಿಕೊಳ್ಳಲು ಅದೇ ಬಸ್ಸನ್ನು ಹತ್ತಬೇಕು. ಹೆಚ್ಚು ನಡೆಯಲಾರದವನಿಗೇ ಹೆಚ್ಚು ನಡೆಯಬೇಕಾಗಿ ಬಂದಿರುವುದು ಈ ವ್ಯವಸ್ಥೆಯ ವಿಪರೀತ.

ರೋಗಕ್ಕೆ ಮೂಲಚಿಕಿತ್ಸೆ ಇಲ್ಲವೆಂಬ ಮಾತು ನಿಜ. ಮಾಡಬೇಕಾದುದೇ ಏನೂ ಇಲ್ಲವೆಂದು ಅದರಿಂದ ತಿಳಿಯಲಾಗದು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬ ಹಳ್ಳಿಗಾಡಿನಲ್ಲಿ ಇದನ್ನೇ ಹೋಲುವ ಕೀಲುರೋಗವುಂಟು. ಅಲ್ಲಿಯೂ ಕಾರಣವು ಪೂರ್ತಿ ಬಗೆಹರಿದಿಲ್ಲ. ಆದರೂ ಸೊಂಟದ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಯಿಂದ ಹಲವರು ಎದ್ದು ನಡೆದಿದ್ದಾರೆ. ಕಾರಣವನ್ನರಸುವುದು ವಿಜ್ಞಾನಿಗಳ ಕರ್ತವ್ಯ. ನೋವನ್ನು ಇಳಿಸುವುದು ಸರ್ಕಾರದ ಕರ್ತವ್ಯ. ಎರಡನೆಯದು ಮೊದಲನೆಯದಕ್ಕಾಗಿ ಕಾಯಬೇಕಾಗಿಲ್ಲ.

ಆಗಬೇಕಾದುದು ದೊಡ್ಡದೇನೂ ಅಲ್ಲ. ಮೂರು ತಾಲ್ಲೂಕುಗಳಲ್ಲಿಯೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ, ಮೂಳೆವೈದ್ಯರು ಕೇರಿಗಳಿಗೇ ಹೋಗಿ ರೋಗಿಗಳನ್ನು ನೋಡಲಿ. ಊನತೆಯ ಪತ್ರವನ್ನು ಅಲ್ಲಿಯೇ ಹೊಸದಾಗಿ ಬರೆದುಕೊಡಲಿ. ಶಸ್ತ್ರಚಿಕಿತ್ಸೆಯಿಂದ ಗುಣ ಕಾಣಬಹುದಾದವರನ್ನು ಆರಿಸಿ, ಜೊತೆಗಾರನ ಊಟ, ಪ್ರಯಾಣ, ಕೂಲಿನಷ್ಟಗಳನ್ನೂ ಲೆಕ್ಕಕ್ಕೆ ಹಿಡಿದು ಕಳುಹಿಸಲಿ. ಕುಕ್ಕರುಗಾಲಿನಲ್ಲಿ ಕೂರಲಾರದವರ ಮನೆಗೆ ಎತ್ತರದ ಶೌಚಪೀಠವನ್ನೂ ಹಿಡಿಕೆಯನ್ನೂ ಗ್ರಾಮಪಂಚಾಯಿತಿ ಹಾಕಿಸಲಿ. ಮಗುವಿನ ನಡಿಗೆ ವಾಲುವುದನ್ನು ಕಂಡ ಉಪಾಧ್ಯಾಯರು ಕೂಡಲೆ ವೈದ್ಯರಿಗೆ ತಿಳಿಸಲಿ. ಕುಳಿತು ಮಾಡುವ ವೃತ್ತಿಗೆ ದಾರಿಯಾಗುವ ವಿದ್ಯೆ ಆ ಮಗುವಿಗೆ ಔಷಧಕ್ಕಿಂತ ಕಡಮೆಯದಲ್ಲ.

ಹಂದಿಗೋಡಿನ ಜನರು ಅರ್ಧ ಶತಮಾನದಿಂದ ರಕ್ತ ಕೊಟ್ಟಿದ್ದಾರೆ, ಮೂಳೆಗಳ ಚಿತ್ರ ತೆಗೆಸಿಕೊಂಡಿದ್ದಾರೆ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ್ದಾರೆ. ವಿಜ್ಞಾನಕ್ಕೆ ಅವರಿಂದ ಸಲ್ಲಬೇಕಾದುದು ಸಂದಿದೆ. ಅವರಿಗೆ ನಾಡಿನಿಂದ ಸಲ್ಲಬೇಕಾದುದು ಬಾಕಿಯಿದೆ.