ಮಾನಿಟರ್ ಮಿಣುಕುತ್ತಿದೆಯೇ? ಎಸೆಯುವ ಮುನ್ನ ಇಷ್ಟು ಮಾಡಿ ನೋಡಿ



2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಲಂಡನ್ನಿನ ನಮ್ಮ ಮನೆಗಳ ಊಟದ ಮೇಜುಗಳೆಲ್ಲ ರಾತ್ರೋರಾತ್ರಿ ಆಫೀಸುಗಳಾದವು. ಹ್ಯಾರೋ ಇರಲಿ, ಇಲ್ಫರ್ಡ್ ಇರಲಿ, ಕ್ರಾಯ್ಡನ್ ಇರಲಿ, ಲ್ಯಾಪ್‌ಟಾಪ್ ಪಕ್ಕದಲ್ಲಿ ಒಂದು ದೊಡ್ಡ ಮಾನಿಟರ್ ಬಂದು ಕುಳಿತಿತು. ಲಾಕ್‌ಡೌನ್ ಹೋಯಿತು, ಮಾನಿಟರ್ ಮಾತ್ರ ಉಳಿಯಿತು. ವಾರಕ್ಕೆ ಎರಡು ಮೂರು ದಿನ ಮನೆಯಿಂದಲೇ ಕೆಲಸ ಮಾಡುವವರು ನಮ್ಮಲ್ಲಿ ಇಂದಿಗೂ ಬಹಳ ಮಂದಿ. ಮಕ್ಕಳ ಹೋಂವರ್ಕ್, ಊರಿನ ಅಜ್ಜಿಯ ಜೊತೆ ವಿಡಿಯೋ ಕಾಲ್ ಎಲ್ಲವೂ ಅದೇ ಪರದೆಯ ಮೇಲೆ.

ಕಂಪ್ಯೂಟರ್ ಓದಿದವನು ಎಂಬ ಒಂದೇ ಕಾರಣಕ್ಕೆ ನನಗೆ ಮಿತ್ರರಿಂದ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸ್ಕ್ರೀನ್ ಮಿಣುಕ್ ಮಿಣುಕ್ ಅಂತಿದೆ ಮಾರಾಯ, ಹೊಸದು ತಗೊಂಡುಬಿಡಲಾ?" ಸ್ವಲ್ಪ ತಡೆಯಿರಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕೇಬಲ್ ಕೆಟ್ಟಿರುತ್ತದೆ, ಶಿಕ್ಷೆ ಮಾನಿಟರ್‌ಗೆ. ಹೊಸ ಮಾನಿಟರ್ ತಂದು ಅದೇ ಹಳೇ ಕೇಬಲ್ ಚುಚ್ಚಿದರೆ ಹೊಸದೂ ಮಿಣುಕುತ್ತದೆ!

ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚಲು ಇಂಜಿನಿಯರ್ ಆಗಬೇಕಿಲ್ಲ. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಾಯಿಸಬೇಕು, ಅಷ್ಟೇ. ಕೇಬಲ್, ಸಾಕೆಟ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ರೋಗ ವಾಸಿಯಾದರೂ ಯಾವ ಔಷಧಿಯಿಂದ ವಾಸಿಯಾಯಿತು ಎಂದು ತಿಳಿಯುವುದಿಲ್ಲ.

ಮಿಣುಕಾಟದಲ್ಲಿ ಮೂರು ಬಗೆ

ಮೊದಲು ಐದು ನಿಮಿಷ ಸುಮ್ಮನೆ ನೋಡಿ. ನಿಮ್ಮದು ಯಾವ ಬಗೆ?

1. ಇಡೀ ಪರದೆ ಒಂದೆರಡು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ. ಹೆಚ್ಚಾಗಿ ಇದು ಕೇಬಲ್, ಅಡಾಪ್ಟರ್ ಅಥವಾ ಡಾಕ್‌ನ ತೊಂದರೆ.
2. ಚಿತ್ರ ಹೋಗುವುದಿಲ್ಲ, ಆದರೆ ಬೆಳಕು ನಡುಗುತ್ತದೆ. ಇದು ಮಾನಿಟರ್‌ನ ಹಿಂಬದಿಯ ದೀಪ ಅಥವಾ ವಿದ್ಯುತ್ತಿನ ತೊಂದರೆ ಇರಬಹುದು.
3. ಒಂದು ಕಿಟಕಿ ಮಾತ್ರ ಮಿಣುಕುತ್ತದೆ, ಅಥವಾ ಯಾವುದೋ ಒಂದು ಪ್ರೋಗ್ರಾಂ ತೆರೆದಾಗ ಮಾತ್ರ ಮಿಣುಕುತ್ತದೆ. ಇದು ಸಾಫ್ಟ್‌ವೇರ್‌ನ ಕಿತಾಪತಿ.

ಇಲ್ಲಿ ಒಂದು ಹಳೆಯ ನಂಬಿಕೆಯ ಬಗ್ಗೆ ಹೇಳಬೇಕು. "ರಿಫ್ರೆಶ್ ರೇಟ್ ಜಾಸ್ತಿ ಮಾಡು, ಸರಿಹೋಗುತ್ತೆ" ಎಂದು ಹಲವರು ಸಲಹೆ ಕೊಡುತ್ತಾರೆ. ಗಾಜಿನ ದೊಡ್ಡ ಡಬ್ಬಿಯಂಥ ಸಿಆರ್‌ಟಿ ಮಾನಿಟರ್‌ಗಳ ಕಾಲದಲ್ಲಿ ಇದು ನಿಜವಾಗಿತ್ತು. ಅದರಲ್ಲಿ ಪ್ರತಿ ಚುಕ್ಕೆಯೂ ಬೆಳಗಿ ಕೂಡಲೇ ಮಂಕಾಗುತ್ತಿತ್ತು. ಸೆಕೆಂಡಿಗೆ 60 ಸಲ ಬೆಳಗಿದರೆ ಕಣ್ಣಿಗೆ ನಡುಕ ಕಾಣುತ್ತಿತ್ತು, ಅದಕ್ಕೇ 75 ಅಥವಾ 85ಕ್ಕೆ ಏರಿಸುತ್ತಿದ್ದೆವು. ಈಗಿನ ಎಲ್‌ಸಿಡಿ ಪರದೆ ಹಾಗಲ್ಲ. ಮುಂದಿನ ಚಿತ್ರ ಬರುವವರೆಗೂ ಹಿಂದಿನದನ್ನು ಹಿಡಿದಿಟ್ಟುಕೊಳ್ಳುತ್ತದೆ, 60 ಹರ್ಟ್ಸ್‌ನಲ್ಲೂ ಅದು ಮಿಣುಕಬೇಕಿಲ್ಲ. ಬದಲಿಗೆ ರೇಟ್ ಏರಿಸಿದರೆ ಕೇಬಲ್ ಮೇಲಿನ ಹೊರೆ ಹೆಚ್ಚಿ ತೊಂದರೆ ಇನ್ನೂ ಬಿಗಡಾಯಿಸಬಹುದು. ಹಾಗಾಗಿ ಪರೀಕ್ಷೆ ಮಾಡುವಾಗ ಏರಿಸಬೇಡಿ, ಇಳಿಸಿ.

ಇನ್ನೊಂದು ಮಾತು. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ಪರದೆಯ ಮೇಲೆ ಪಟ್ಟೆಗಳು ಕಂಡರೆ ಗಾಬರಿಯಾಗಬೇಡಿ. ಚೆನ್ನಾಗಿರುವ ಮಾನಿಟರ್ ಕೂಡ ಕ್ಯಾಮೆರಾಗೆ ಹಾಗೆ ಕಾಣುವುದುಂಟು. ನಿಮ್ಮ ಕಣ್ಣೇ ಇಲ್ಲಿ ಸಾಕ್ಷಿ.

ಮೊದಲ ಪರೀಕ್ಷೆ: ಮಾನಿಟರ್‌ನದೇ ಮೆನು

ಮಾನಿಟರ್‌ನ ಅಂಚಿನಲ್ಲಿರುವ ಗುಂಡಿ ಒತ್ತಿ ಅದರ ಸ್ವಂತ ಮೆನು ತೆರೆಯಿರಿ. ಈ ಮೆನುವನ್ನು ಬರೆಯುವುದು ಮಾನಿಟರ್, ಕಂಪ್ಯೂಟರ್ ಅಲ್ಲ. ಹಿಂದಿನ ಚಿತ್ರ ನಡುಗುತ್ತಿದ್ದರೂ ಮೆನು ಸ್ಥಿರವಾಗಿ ನಿಂತಿದ್ದರೆ ಮಾನಿಟರ್ ನಿರಪರಾಧಿ. ತೊಂದರೆ ಕೇಬಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಇದೆ. ಮೆನು ಕೂಡ ಜೊತೆಗೇ ನಡುಗಿದರೆ ಮಾನಿಟರ್ ಅಥವಾ ಅದಕ್ಕೆ ಬರುವ ವಿದ್ಯುತ್ತಿನ ಮೇಲೆ ಅನುಮಾನ ಪಡಿ. ಪರದೆ ಪೂರ್ತಿ ಕಪ್ಪಾಗುವ ಬಗೆಯಾದರೆ ಈ ಪರೀಕ್ಷೆ ಅಷ್ಟು ಉಪಯೋಗಕ್ಕೆ ಬಾರದು. ಆಗ ಮಾನಿಟರನ್ನು ಬೇರೊಂದು ಲ್ಯಾಪ್‌ಟಾಪ್‌ಗೆ ಬೇರೊಂದು ಕೇಬಲ್‌ನಿಂದ ಜೋಡಿಸಿ ಅರ್ಧ ಗಂಟೆ ಬಿಡಿ. ಅಲ್ಲಿ ಕಪ್ಪಾಗದಿದ್ದರೆ ಮಾನಿಟರ್ ಸರಿ ಇದೆ ಎಂದೇ ಲೆಕ್ಕ.

ಬೆಳಕು ಮಾತ್ರ ನಡುಗುತ್ತಿದ್ದರೆ ಬ್ರೈಟ್‌ನೆಸ್ ಅನ್ನು 100ಕ್ಕೆ ಏರಿಸಿ ನೋಡಿ. ಕೆಲವು ಮಾನಿಟರ್‌ಗಳು ಬೆಳಕನ್ನು ಕಡಿಮೆ ಮಾಡಲು ಹಿಂಬದಿಯ ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹಚ್ಚುತ್ತವೆ. ಹೆಚ್ಚಿನವರಿಗೆ ಇದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ಮಾತ್ರ ಸಂಜೆ ಹೊತ್ತಿಗೆ ತಲೆನೋವು. 100ರಲ್ಲಿ ನಡುಕ ನಿಂತರೆ ಕಾರಣ ಇದೇ. ಮುಂದೆ ಮಾನಿಟರ್ ಕೊಳ್ಳುವಾಗ 'ಫ್ಲಿಕರ್ ಫ್ರೀ' ಎಂದು ನಮೂದಿಸಿರುವುದನ್ನು ಹುಡುಕಿ. 100ರಲ್ಲೂ ನಡುಗುತ್ತಿದ್ದರೆ ಒಳಗಿನ ದೀಪದ ಅಥವಾ ಪವರ್ ಸಪ್ಲೈನ ಭಾಗ ದುರ್ಬಲವಾಗಿರಬಹುದು. ದಯವಿಟ್ಟು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಎರಡನೇ ಪರೀಕ್ಷೆ: ಕೇಬಲ್

ಎರಡೂ ತುದಿಗಳನ್ನು ಕಿತ್ತು, ಧೂಳು ಒರೆಸಿ, ಗಟ್ಟಿಯಾಗಿ ಮತ್ತೆ ಚುಚ್ಚಿ. ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ಸುಖಾಂತ್ಯ!

"ಇದೇ ಕೇಬಲ್ ಹಳೇ ಮಾನಿಟರ್‌ಗೆ ಚೆನ್ನಾಗಿತ್ತಲ್ಲ?" ಎಂದು ಕೇಳುವವರಿಗೆ ಒಂದು ಲೆಕ್ಕ. ಸಾಧಾರಣ 1080 ಸಾಲಿನ ಪರದೆಗೆ 60 ಹರ್ಟ್ಸ್‌ನಲ್ಲಿ ಎಚ್‌ಡಿಎಂಐ ಕೇಬಲ್ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಸಾಗಿಸಬೇಕು. 4ಕೆ ಪರದೆಗೆ ಅದೇ 60 ಹರ್ಟ್ಸ್‌ನಲ್ಲಿ ಸುಮಾರು 18 ಗಿಗಾಬಿಟ್ ಬೇಕು. ಅಂದರೆ ನಾಲ್ಕು ಪಟ್ಟು! ಎರಡು ಬಿಂದಿಗೆ ನೀರಿಗೆ ಸರಿಯಾಗಿದ್ದ ಕೊಳವೆಯಲ್ಲಿ ಎಂಟು ಬಿಂದಿಗೆ ಹರಿಸಿದ ಹಾಗೆ. ಹಳೆಯ 'ಹೈ ಸ್ಪೀಡ್' ಕೇಬಲ್‌ಗಳನ್ನು ಸುಮಾರು 10 ಗಿಗಾಬಿಟ್‌ಗೆ ಮಾಡಿದ್ದು. 18ಕ್ಕೆ 'ಪ್ರೀಮಿಯಂ ಹೈ ಸ್ಪೀಡ್', 48ಕ್ಕೆ 'ಅಲ್ಟ್ರಾ ಹೈ ಸ್ಪೀಡ್' ಎಂಬ ಚೀಟಿ ಇರುವ ಕೇಬಲ್ ಬೇಕು.

ಹಣ ಖರ್ಚು ಮಾಡುವ ಮುನ್ನ ಪರೀಕ್ಷಿಸುವುದು ಸುಲಭ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 4ಕೆ ಪರದೆಯನ್ನು 60ರಿಂದ 30 ಹರ್ಟ್ಸ್‌ಗೆ ಇಳಿಸಿ. ಹೊರೆ ಅರ್ಧವಾಗುತ್ತದೆ. ಇಲಿಬಾಣ ಸ್ವಲ್ಪ ಎಳೆದೆಳೆದು ಓಡಿದರೂ ಕಪ್ಪಾಗುವುದು ನಿಂತಿತೋ, ಕೇಬಲ್ ಅಥವಾ ನಡುವಿನ ಅಡಾಪ್ಟರ್ ಆ ಹೊರೆಯನ್ನು ತಾಳುತ್ತಿಲ್ಲ ಎಂದು ಖಾತ್ರಿ. ಕೇಬಲ್ ಉದ್ದವಾದಷ್ಟೂ ತೊಂದರೆ ಹೆಚ್ಚು, ಎರಡು ಮೀಟರ್ ಸಾಕಾಗುವಲ್ಲಿ ಐದು ಮೀಟರ್ ಬೇಡ. ಯುಎಸ್‌ಬಿ-ಸಿ ಹಬ್ ಬಳಸುವವರು ಒಮ್ಮೆ ಹಬ್ ಬಿಟ್ಟು ನೇರವಾಗಿ ಜೋಡಿಸಿ ನೋಡಿ. ಅಗ್ಗದ ಹಬ್‌ಗಳಲ್ಲಿ ಹಲವು 4ಕೆ ಪರದೆಗೆ 30 ಹರ್ಟ್ಸ್ ಮಾತ್ರ ಕೊಡುತ್ತವೆ.

ಮೂರನೇ ಪರೀಕ್ಷೆ: ಕಂಪ್ಯೂಟರ್ ಒಳಗೆ

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೈಕ್ರೋಸಾಫ್ಟ್‌ನವರೇ ಹೇಳಿಕೊಡುವ ಪರೀಕ್ಷೆ ಇದು. ಉಳಿದದ್ದೆಲ್ಲ ಮಿಣುಕುತ್ತಿರುವಾಗ ಟಾಸ್ಕ್ ಮ್ಯಾನೇಜರ್ ಕೂಡ ಮಿಣುಕಿದರೆ ಡಿಸ್‌ಪ್ಲೇ ಡ್ರೈವರ್ ಮೇಲೆ ಅನುಮಾನ. ಅದೊಂದು ಮಾತ್ರ ಮಿಣುಕದಿದ್ದರೆ ಯಾವುದೋ ಹೊಂದಿಕೆಯಾಗದ ಪ್ರೋಗ್ರಾಂ ಕಾರಣ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ತೆರೆದ ಕಡತಗಳಿಗೆ ಏನೂ ಆಗುವುದಿಲ್ಲ. ಮಾನಿಟರ್ ಮೆನುವಿನಲ್ಲಿ 'ಫ್ರೀಸಿಂಕ್' ಅಥವಾ 'ಅಡಾಪ್ಟಿವ್ ಸಿಂಕ್' ಇದ್ದರೆ ಅದನ್ನು ಆಫ್ ಮಾಡಿ ನೋಡಿ. ಆಟಗಳಿಗಾಗಿ ಇರುವ ಈ ಸೌಲಭ್ಯದಿಂದ ಕೆಲವು ಪರದೆಗಳ ಬೆಳಕು ಏರಿಳಿಯುತ್ತದೆ.

ಆಫೀಸಿನ ಲ್ಯಾಪ್‌ಟಾಪ್ ಆದರೆ ಡ್ರೈವರ್ ತಂಟೆಗೆ ನೀವು ಹೋಗಬೇಡಿ. ಮೇಲಿನ ಫಲಿತಾಂಶಗಳನ್ನು ಬರೆದು ಐಟಿ ವಿಭಾಗಕ್ಕೆ ಕಳಿಸಿ. "ಸ್ಕ್ರೀನ್ ಸರಿ ಇಲ್ಲ" ಎನ್ನುವುದಕ್ಕಿಂತ "60 ಹರ್ಟ್ಸ್‌ನಲ್ಲಿ ಕಪ್ಪಾಗುತ್ತೆ, 30ರಲ್ಲಿ ಆಗಲ್ಲ" ಎಂದರೆ ಕೆಲಸ ಬೇಗ ಆಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಪ್ಲಗ್, ಕುರ್ಚಿ ಮತ್ತು ಟಿವಿ!

ಇಂಗ್ಲೆಂಡಿನಲ್ಲೂ ಕರ್ನಾಟಕದಲ್ಲೂ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಹಾಗಾಗಿ ಬೆಂಗಳೂರಿನಿಂದ ತಂದ ಮಾನಿಟರ್ ಇಲ್ಲಿ ನಡೆಯುತ್ತದೆ. ಆದರೆ ದುಂಡು ಪಿನ್ನಿನ ವೈರನ್ನು ಟ್ರಾವೆಲ್ ಅಡಾಪ್ಟರ್‌ಗೆ ಸಿಕ್ಕಿಸಿ ವರ್ಷಗಟ್ಟಲೆ ಬಳಸಬೇಡಿ. ಪಿನ್ ಅಲುಗಿದಾಗಲೆಲ್ಲ ಮಾನಿಟರ್ ಆರುತ್ತದೆ, ಎಷ್ಟೋ ಅಡಾಪ್ಟರ್‌ಗಳಲ್ಲಿ ಅರ್ತ್ ಕೂಡ ಇರುವುದಿಲ್ಲ. ಫ್ಯೂಸ್ ಇರುವ ಬ್ರಿಟಿಷ್ ಪ್ಲಗ್‌ನ ವೈರ್ ಕೊಂಡರೆ ಮುಗಿಯಿತು. ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಹಾಕಿದ್ದರೆ ತೆಗೆದು ಗೋಡೆಯ ಸಾಕೆಟ್‌ಗೇ ಚುಚ್ಚಿ ನೋಡಿ. ಮನೆಯ ದೀಪಗಳೂ ಜೊತೆಗೆ ಮಿಣುಕಿದರೆ ಮಾನಿಟರನ್ನು ಮರೆತು ನೋಂದಾಯಿತ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಪಕ್ಕದ ಮನೆಯಲ್ಲೂ ಹಾಗೇ ಆಗುತ್ತಿದ್ದರೆ 105ಕ್ಕೆ ಉಚಿತ ಕರೆ ಮಾಡಿ, ನಿಮ್ಮ ಪ್ರದೇಶದ ವಿದ್ಯುತ್ ಜಾಲದವರು ಸಿಗುತ್ತಾರೆ.

ಈಗ ನಂಬಲು ಕಷ್ಟವಾದ ಒಂದು ಸಂಗತಿ. ನೀವು ಕುರ್ಚಿಯಿಂದ ಎದ್ದಾಗ ಅಥವಾ ಕುಳಿತಾಗ ಪರದೆ ಕಪ್ಪಾಗುತ್ತದೆಯೇ? ಭೂತಚೇಷ್ಟೆ ಅಲ್ಲ! ಎತ್ತರ ಹೊಂದಿಸಲು ಗ್ಯಾಸ್ ಕೊಳವೆ ಇರುವ ಆಫೀಸ್ ಕುರ್ಚಿಗಳಲ್ಲಿ ಎದ್ದು ಕೂತಾಗ ವಿದ್ಯುತ್ಕಾಂತೀಯ ಮಿಡಿತವೊಂದು ಹುಟ್ಟಿ, ಅದನ್ನು ವಿಡಿಯೋ ಕೇಬಲ್ ಹಿಡಿದುಕೊಂಡು ಚಿತ್ರ ತಪ್ಪಬಹುದು. ಕೇಂಬ್ರಿಡ್ಜ್‌ನಲ್ಲಿ ಹುಟ್ಟಿದ ಡಿಸ್‌ಪ್ಲೇಲಿಂಕ್ ಕಂಪನಿ ತನ್ನ ಗ್ರಾಹಕರಿಗೆ ಇದನ್ನು ಬರಹದಲ್ಲೇ ತಿಳಿಸಿದೆ. ಚಳಿಗಾಲದಲ್ಲಿ ಹೀಟಿಂಗ್ ಹಾಕಿ ಒಣಗಿದ ಕೋಣೆಯಲ್ಲಿ ಇಂಥ ಸ್ಥಿರ ವಿದ್ಯುತ್ ಹೆಚ್ಚು. ಪರಿಹಾರ ಸರಳ: ಚೆನ್ನಾಗಿ ಹೊದಿಕೆ ಹಾಕಿದ, ತುದಿಯಲ್ಲಿ ಫೆರೈಟ್ ಉಂಗುರ ಇರುವ ಕೇಬಲ್.

ಒಂದು ಉಪಕರಣ ಇನ್ನೊಂದನ್ನು ಎಷ್ಟು ಕಾಡಬಲ್ಲದು ಎಂಬುದಕ್ಕೆ ವೇಲ್ಸ್‌ನ ಅಬೆರ್ಹೋಸನ್ ಹಳ್ಳಿ ಸಾಕ್ಷಿ. ಅಲ್ಲಿ ಹದಿನೆಂಟು ತಿಂಗಳು ಪ್ರತಿದಿನ ಬೆಳಿಗ್ಗೆ 7ಕ್ಕೆ ಊರಿನ ಬ್ರಾಡ್‌ಬ್ಯಾಂಡ್ ಕೈಕೊಡುತ್ತಿತ್ತು. ಕೇಬಲ್ ಬದಲಾಯಿಸಿದರೂ ಸರಿಹೋಗಲಿಲ್ಲ. ಕೊನೆಗೆ ಓಪನ್‌ರೀಚ್ ಇಂಜಿನಿಯರ್‌ಗಳು ಅಳತೆಯ ಉಪಕರಣ ಹಿಡಿದು ಬೆಳಗಿನ ಜಾವ ಊರೆಲ್ಲ ಸುತ್ತಿದಾಗ ಒಂದು ಮನೆಯ ಹಳೇ ಟಿವಿ ಸಿಕ್ಕಿಬಿತ್ತು. 2020ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ನಮಗೆ ಇದರಲ್ಲಿ ಪಾಠ ಇಷ್ಟೇ: ಯಾವಾಗ ಮಿಣುಕುತ್ತದೆ ಎಂದು ಬರೆದಿಡಿ. ಫ್ರಿಜ್ ಶುರುವಾದಾಗಲೇ? ಮಿಕ್ಸಿ ತಿರುಗಿದಾಗಲೇ? ಗಂಟೆಯ ಲೆಕ್ಕವೇ ಕಳ್ಳನನ್ನು ಹಿಡಿದುಕೊಡುತ್ತದೆ.

ಕಾನೂನು ನಿಮ್ಮ ಕಡೆ ಇದೆ

"ಸ್ವಲ್ಪ ಮಿಣುಕಿದರೆ ಏನಂತೆ, ಸಹಿಸ್ಕೊಂಡು ಹೋಗೋಣ" ಎನ್ನುವುದು ನಮ್ಮವರ ಸ್ವಭಾವ. ಬೇಕಿಲ್ಲ. ಪರದೆಯ ಮೇಲಿನ ಚಿತ್ರ ಸ್ಥಿರವಾಗಿರಬೇಕು, ಮಿಣುಕಬಾರದು ಎಂದು ಈ ದೇಶದ 1992ರ ಡಿಸ್‌ಪ್ಲೇ ಸ್ಕ್ರೀನ್ ನಿಯಮಗಳಲ್ಲೇ ಬರೆದಿದೆ! ದಿನನಿತ್ಯ ಸತತವಾಗಿ ಒಂದು ಗಂಟೆ ಅಥವಾ ಹೆಚ್ಚು ಹೊತ್ತು ಪರದೆಯ ಮುಂದೆ ದುಡಿಯುವ ಉದ್ಯೋಗಿಗಳಿಗೆ ಇದು ಅನ್ವಯಿಸುತ್ತದೆ, ಮನೆಯಿಂದ ಕೆಲಸ ಮಾಡುವವರಿಗೂ ಸಹ. ಉಪಕರಣ ಯಾರು ಕೊಂಡದ್ದಾದರೂ ಕೆಲಸದ ಜಾಗವನ್ನು ಪರಿಶೀಲಿಸುವ ಹೊಣೆ ಮಾಲೀಕರದು. ನೀವು ಕೇಳಿದರೆ ಕಣ್ಣಿನ ಪರೀಕ್ಷೆಯ ಖರ್ಚನ್ನೂ ಅವರೇ ಕೊಡಬೇಕು. ಕೇಳಲು ಸಂಕೋಚ ಬೇಡ.

ಮನೆಯಲ್ಲಿ ಯಾರಿಗಾದರೂ ಮೂರ್ಛೆರೋಗ ಇದ್ದರೆ ಇನ್ನೂ ಎಚ್ಚರ ಬೇಕು. ಅಂಥವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಮಿಣುಕುವ ಬೆಳಕೇ ಮೂರ್ಛೆ ತರಿಸಬಹುದು. ಸರಿಯಾಗುವವರೆಗೆ ಆ ಪರದೆಯನ್ನು ಆರಿಸಿಡಿ.

ನೀವೇ ಕೊಂಡ ಮಾನಿಟರ್ ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ. ದೋಷ ಇದ್ದರೆ 30 ದಿನದೊಳಗೆ ವಾಪಸು ಮಾಡಿ ಪೂರ್ತಿ ಹಣ ಪಡೆಯಬಹುದು. ಆಮೇಲೆ ರಿಪೇರಿ ಅಥವಾ ಬದಲಿ ಕೇಳಬಹುದು. ಮೊದಲ ಆರು ತಿಂಗಳೊಳಗೆ ದೋಷ ಕಂಡರೆ ಅದು ಮೊದಲಿನಿಂದಲೇ ಇತ್ತೆಂದು ಲೆಕ್ಕ. ಇರಲಿಲ್ಲ ಎಂದು ಸಾಬೀತು ಮಾಡಬೇಕಾದದ್ದು ಅಂಗಡಿಯವರು. "ತಯಾರಕರನ್ನು ಕೇಳಿ" ಎಂದು ಸಾಗಹಾಕಿದರೆ ಒಪ್ಪಬೇಡಿ, ನಿಮ್ಮ ಒಪ್ಪಂದ ಮಾರಿದವರ ಜೊತೆ.

ಇಷ್ಟೆಲ್ಲ ಮಾಡಿಯೂ ಮಾನಿಟರ್ರೇ ಕೆಟ್ಟಿದೆ ಎಂದಾದರೆ ಲಂಡನ್ನಿನಲ್ಲೇ ಶುರುವಾದ ರೀಸ್ಟಾರ್ಟ್ ಪ್ರಾಜೆಕ್ಟ್‌ನಂಥ ಸಂಸ್ಥೆಗಳ ರಿಪೇರಿ ಕೂಟಗಳಲ್ಲಿ ಸ್ವಯಂಸೇವಕರು ಸಹಾಯ ಮಾಡುತ್ತಾರೆ. ಮಾನಿಟರ್ ನೋಡುತ್ತಾರೆಯೇ ಎಂದು ಮೊದಲೇ ಕೇಳಿಕೊಂಡು ಹೋಗಿ. ಅಲ್ಲೂ ಆಗದಿದ್ದರೆ ಕೌನ್ಸಿಲ್‌ನ ಮರುಬಳಕೆ ಕೇಂದ್ರಕ್ಕೆ ಕೊಡಿ, ಕಸದ ಡಬ್ಬಿಗೆ ಬೇಡ.

ಬರೀ ಕೇಬಲ್ ಬದಲಾಯಿಸಿದ್ದಕ್ಕೆ ಸರಿಹೋಗಿ, ಅಷ್ಟರಲ್ಲಿ ಹೊಸದನ್ನೂ ಕೊಂಡುಬಿಟ್ಟಿದ್ದರೆ? ಪ್ರತಿ ಸೆಪ್ಟೆಂಬರ್‌ನಲ್ಲಿ ನಮ್ಮ ಊರುಗಳಿಂದ ಮಾಸ್ಟರ್ಸ್ ಓದಲು ಬರುವ ಹುಡುಗ ಹುಡುಗಿಯರು ಬಾಡಿಗೆ ಕೋಣೆಯಲ್ಲಿ ಚಿಕ್ಕ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕುಳಿತಿರುತ್ತಾರೆ. ಅಂಥ ಒಬ್ಬರಿಗೆ ಆ ಮಾನಿಟರ್ ಕೊಡಿ. ಹೊಸ ಕೇಬಲ್ ಸಮೇತ ಕೊಡುವುದನ್ನು ಮರೆಯಬೇಡಿ!